ಬಿಸಿನೀರಿನ ಸಮಿತಿ

ಆ ಮನುಷ್ಯ ಕೈ ಎತ್ತಿದ್ದು ಫ್ಯಾನ್ ಸ್ವಲ್ಪ ಕಡಿಮೆ ಮಾಡಿ ಎಂದು ಹೇಳಲು. ಅದು ನನಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ಪ್ರತಿ ಗುರುವಾರ ಸಂಜೆ ನಮ್ಮ ಸೇವಾ ಕ್ಲಬ್ಬಿನ ವಾರದ ಸಭೆ. ಜಾಗ, ಅಧ್ಯಕ್ಷರ ಫರ್ನಿಚರ್ ಅಂಗಡಿಯ ಮೇಲಿನ ಹಾಲ್. ಮಾರಾಟವಾಗದ ಸೋಫಾಗಳನ್ನೆಲ್ಲ ಅಲ್ಲಿಗೇ ಸಾಗಿಸಿರುವುದರಿಂದ ಸದಸ್ಯರು ಸಮಾಜಸೇವೆಯ ಬಗ್ಗೆ ಕೇಳುತ್ತಾ ಕೇಳುತ್ತಾ ಮೆತ್ತಗೆ ತೂಕಡಿಸುತ್ತಾರೆ. ಅಧ್ಯಕ್ಷರು ಹಿತ್ತಾಳೆಯ ಗಂಟೆಯನ್ನು ಟಣ್ಣೆಂದು ಬಾರಿಸುತ್ತಾರೆ, ಹುಟ್ಟುಹಬ್ಬದವರಿಗೆ ಚಪ್ಪಾಳೆ ಆಗುತ್ತದೆ, ಅತಿಥಿಗಳ ಭಾಷಣ ಆಗುತ್ತದೆ, ಚಹಾ ಬಿಸ್ಕತ್ತು ಬರುವ ಹೊತ್ತಿಗೆ ಎಲ್ಲರಿಗೂ ಎಚ್ಚರವಾಗುತ್ತದೆ.

ಆಡಿಕೊಳ್ಳುತ್ತಿದ್ದೇನೆ ಎಂದುಕೊಳ್ಳಬೇಡಿ, ಕೆಲಸವನ್ನೂ ಮಾಡುತ್ತಾರೆ. ಕಣ್ಣಿನ ಶಿಬಿರ, ರಕ್ತದಾನ, ಶಾಲೆಗಳಿಗೆ ಬೆಂಚು. ಆದರೆ ಏನೇ ಮಾಡಿದರೂ ಕೊನೆಗೆ ಒಂದು ಬ್ಯಾನರ್ ಕಟ್ಟಿ, ಅದರ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳಲೇಬೇಕು. ಆ ಫೋಟೋ ಮೇಲಿನ ಕಚೇರಿಗೆ ಹೋಗುತ್ತದೆ, ವರ್ಷದ ಕೊನೆಗೆ ಅಲ್ಲಿಂದ ಶೀಲ್ಡ್ ಬರುತ್ತದೆ. ಫೋಟೋ ಇಲ್ಲದ ಸೇವೆ ನಮ್ಮ ಕ್ಲಬ್ಬಿನಲ್ಲಿ ಉಪ್ಪಿಲ್ಲದ ಊಟ.

ನನ್ನ ಯೋಜನೆ ಮುಗ್ಗರಿಸುತ್ತಿದ್ದದ್ದು ಅಲ್ಲೇ.

ನಾನು ಫಿಸಿಯೋಥೆರಪಿಸ್ಟ್. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಕೈಕಾಲು ಆಡಿಸುವವಳು. ಆ ಮನೆಗಳಲ್ಲೆಲ್ಲ ಔಷಧಿ ಇರುತ್ತದೆ, ಹಣ್ಣು ಇರುತ್ತದೆ, ಟೀವಿ ಇರುತ್ತದೆ. ಸ್ನಾನ ಇರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಾರೆ, ಅಷ್ಟೇ. ಎತ್ತಿ ಬಚ್ಚಲಿಗೆ ಒಯ್ಯುವಷ್ಟು ಶಕ್ತಿ ಮನೆಯವರಿಗಿಲ್ಲ. ಒಯ್ದರೂ ಬಚ್ಚಲ ಬಾಗಿಲು ಅಷ್ಟು ಅಗಲವಿಲ್ಲ. ಶಾಲೆಯಲ್ಲಿ ನನಗೆ ಪಾಠ ಹೇಳಿದ ಟೀಚರ್ ಪಾರ್ಶ್ವವಾಯು ಬಡಿದು ಹೀಗೇ ಮಲಗಿಬಿಟ್ಟಿದ್ದರು. ಒಂದು ದಿನ ಅವರ ಕಾಲು ಮಡಚಿ ಬಿಡಿಸುತ್ತಾ, ಏನಾದರೂ ಬೇಕು ಅನ್ನಿಸುತ್ತದೆಯಾ ಟೀಚರ್, ತಿನ್ನೋದಕ್ಕೆ ಏನಾದರೂ ತರಲಾ ಎಂದು ಕೇಳಿದೆ.

"ನೀರು ತಲೆ ಮೇಲಿಂದ ಹರಿದು ಬೆನ್ನಿಗಿಳೀಬೇಕು ಕಣೇ," ಎಂದರು. "ಒಂದೇ ಒಂದ್ ಸಲ. ಆಮೇಲೆ ಸತ್ರೂ ಚಿಂತೆಯಿಲ್ಲ."

ಸಾಯುವ ಮಾತು ಬೇಡ, ಸ್ನಾನದ ಜವಾಬ್ದಾರಿ ನನ್ನದು ಎಂದು ಮಾತು ಕೊಟ್ಟುಬಿಟ್ಟೆ. ಶಾಲೆಯಲ್ಲಿ ಅವರೇ ನನಗಿಟ್ಟ ಹೆಸರು ಮೊಂಡಿ. ಹೆಸರು ಉಳಿಸಿಕೊಳ್ಳಬೇಕಲ್ಲ.

ಅದಕ್ಕೇ ವಾರ ವಾರವೂ ಸಭೆಯಲ್ಲಿ ಎದ್ದು ನಿಲ್ಲುತ್ತಿದ್ದೆ. ಒಂದು ವ್ಯಾನ್ ಬೇಕು, ಅದರೊಳಗೆ ನೀರಿನ ಟ್ಯಾಂಕ್ ಮತ್ತು ಗೀಸರ್, ಜೊತೆಗೆ ಹಗುರವಾದ ಒಂದು ಟಬ್. ಟಬ್ಬನ್ನು ಮಂಚದ ಪಕ್ಕಕ್ಕೇ ಒಯ್ಯೋಣ, ಒಂದು ಪೈಪಿನಲ್ಲಿ ಬಿಸಿನೀರು ತರೋಣ, ಇನ್ನೊಂದರಲ್ಲಿ ಕೊಳೆನೀರು ಹೊರಗೆ ಬಿಡೋಣ ಎನ್ನುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಒಳ್ಳೇ ಯೋಚನೆಯಮ್ಮಾ, ಆದರೆ ಸ್ನಾನದ ಫೋಟೋ ಹೇಗೆ ತೆಗೆಯೋದು ಎಂದು ಅಧ್ಯಕ್ಷರು ನಿಜವಾದ ಕಳಕಳಿಯಿಂದಲೇ ಕೇಳುತ್ತಿದ್ದರು. ಆಮೇಲೆ, ಇದನ್ನು ಅನುಮೋದಿಸುವವರು ಯಾರು ಎಂದರೆ ಎಲ್ಲರ ಕಣ್ಣೂ ಬಿಸ್ಕತ್ತಿನ ತಟ್ಟೆಯ ಮೇಲೆ. ಯಾಕೆಂದರೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಯೋಜನೆ ತಂದವರು ಮತ್ತು ಅದನ್ನು ಅನುಮೋದಿಸಿದವರು, ಇಬ್ಬರೇ ಅದರ ಸಮಿತಿ. ಮಂಚದ ಎರಡು ತುದಿ ಹಿಡಿದ ಹಾಗೆ, ಹೊರಬೇಕಾದವರು ಅವರೇ. ಕೈ ಎತ್ತಿದವನು ಸಿಕ್ಕಿಬಿದ್ದ ಎಂದೇ ಅರ್ಥ.

ಅವತ್ತೂ ಅಧ್ಯಕ್ಷರು ಕೇಳಿದರು. ಎಲ್ಲರ ಕಣ್ಣೂ ಮತ್ತೆ ತಟ್ಟೆಯ ಮೇಲೆ. ಆಗ ಕೊನೆಯ ಸೋಫಾದಲ್ಲಿ, ಫ್ಯಾನಿನ ನೇರ ಕೆಳಗೆ, ಮಫ್ಲರ್ ಕೈ ಎತ್ತಿದರು.

ಮಫ್ಲರ್ ಎಂದರೆ ಬಾತ್‌ರೂಮ್ ಫಿಟಿಂಗ್ಸ್ ಶೋರೂಮಿನ ಮಾಲೀಕರು. ಅವರ ತಂದೆ ಹಿಂದೆ ಅಧ್ಯಕ್ಷರಾಗಿದ್ದ ದಾಕ್ಷಿಣ್ಯಕ್ಕೆ ಇವರೂ ಸದಸ್ಯರಾದವರು. ಸೆಕೆಯ ದಿನಗಳಲ್ಲೂ ಕುತ್ತಿಗೆಗೊಂದು ಬೂದು ಮಫ್ಲರ್ ಇದ್ದೇ ಇರುತ್ತದೆ, ಸಭೆಯಲ್ಲಿ ಇದುವರೆಗೆ ಒಂದು ಮಾತಾಡಿದ್ದು ಯಾರಿಗೂ ನೆನಪಿಲ್ಲ. ಎತ್ತಿದ ಕೈಯ ತೋರುಬೆರಳು ಸ್ಪಷ್ಟವಾಗಿ ಫ್ಯಾನಿನ ಕಡೆಗಿತ್ತು. ಇನ್ನೊಂದು ಕೈ ಮೂಗಿನ ಮೇಲಿತ್ತು; ಪಾಪ, ಸೀನು ತಡೆದುಕೊಳ್ಳುತ್ತಿದ್ದರು.

ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ನಾನು ಆ ಫ್ಯಾನಿನ ಗಾಳಿಯಲ್ಲೇ ತೂರಿಕೊಂಡೆ.

"ಅನುಮೋದನೆ ಆಯ್ತು ಅಧ್ಯಕ್ಷರೇ," ಎಂದೆ, ಹಾಲ್ ಪೂರ್ತಿ ಕೇಳುವಂತೆ.

ಅಧ್ಯಕ್ಷರು ಗಂಟೆ ಬಾರಿಸಿದರು. ಮಫ್ಲರ್ ಸೀನಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ತಾವು ತಪ್ಪಿಸಿಕೊಂಡ ಖುಷಿಗೆ.

ಅವರು ನನ್ನ ಕಡೆ ತಿರುಗಿದರು. ಸೀನಿ ಒದ್ದೆಯಾದ ಕಣ್ಣು, ಗಂಡಸರಿಗೆ ಸುಮ್ಮನೆ ದಂಡವಾಗುವಂಥ ಉದ್ದ ರೆಪ್ಪೆ. ಬಾಯಿ ತೆರೆದರು. ಈಗ ಹೇಳುತ್ತಾರೆ, ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ ಎಂದುಕೊಂಡೆ. ನಗುವನ್ನು ಮಾತ್ರ ಬಿಡಲಿಲ್ಲ, ಅವರನ್ನೇ ನೋಡಿ ನಗುತ್ತಿದ್ದೆ. ಅವರು ಬಾಯಿ ಮುಚ್ಚಿ, ಕೈ ಇಳಿಸಿ, ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಂಡು ಸುಮ್ಮನೆ ಕೂತರು.

ಮರುದಿನ ಅವರು ಮನಸ್ಸು ಬದಲಾಯಿಸುವ ಮೊದಲೇ ಹಿಡಿಯಬೇಕೆಂದು ಶೋರೂಮ್ ಬಾಗಿಲು ತೆರೆಯುವ ಹೊತ್ತಿಗೇ ಹೋದೆ. ಒಳಗೆ ಸಾಲು ಸಾಲು ನಲ್ಲಿ, ಒಂದರಲ್ಲೂ ನೀರಿಲ್ಲ. ಸಾಲು ಸಾಲು ಕನ್ನಡಿ, ಎಲ್ಲದರಲ್ಲೂ ನಾನು. ಅಷ್ಟೂ ಕನ್ನಡಿಗಳಲ್ಲಿ ಒಟ್ಟಿಗೇ ಮಫ್ಲರ್ ಕಾಣಿಸಿಕೊಂಡಾಗ ಯಾವ ಮುಖಕ್ಕೆ ನಮಸ್ಕಾರ ಹೇಳಬೇಕೆಂದು ತಿಳಿಯದೆ ತಬ್ಬಿಬ್ಬಾದೆ.

ಈ ಯೋಜನೆಯ ಬಗ್ಗೆ ಒಂದು ವಿಷಯ ಹೇಳಬೇಕಿತ್ತು ಎಂದು ಅವರು ಶುರು ಮಾಡಿದರು. ಮೊದಲು ನಾನು ಹೇಳುತ್ತೇನೆ ಎಂದು ಟೀಚರ ಕಥೆ ಶುರು ಮಾಡಿದೆ. ನೀರು ತಲೆ ಮೇಲಿಂದ ಹರಿದು ಬೆನ್ನಿಗಿಳಿಯಬೇಕು ಎಂಬ ಮಾತಿಗೆ ಬಂದಾಗ ನನ್ನ ಕೈ ತಾನಾಗಿ ನನ್ನ ತಲೆಯಿಂದ ಬೆನ್ನಿಗಿಳಿದಿತ್ತು, ಅದು ನಾಟಕವಲ್ಲ. ಅವರು ತಮ್ಮ ವಿಷಯವನ್ನು ನುಂಗಿಕೊಂಡರು. ಒಳಗೆ ಹೋಗಿ ಒಂದು ಫೈಬರ್ ಟಬ್ಬನ್ನು ಒಬ್ಬರೇ ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟರು.

"ಇದರಲ್ಲಿ ಮಲಗಿದ್ರೆ ಬೆನ್ನಿಗೆ ಹೇಗಿರುತ್ತೆ ಅಂತ ಯಾರಾದ್ರೂ ನೋಡ್ಬೇಕು."

ಮಲಗಿ ಎಂದೆ.

"ನಾನಾ?"

"ಮತ್ತೆ, ಗಿರಾಕೀನ ಕರೀಲಾ?"

ಮಲಗಿದರು. ಇಸ್ತ್ರಿ ಮಾಡಿದ ಶರ್ಟು, ಕೈಗಡಿಯಾರ, ಮಫ್ಲರ್, ಎಲ್ಲದರ ಸಮೇತ. ಟೀಚರಿಗೆ ಎಡಗೈ ಸ್ವಾಧೀನವಿಲ್ಲ, ನೀವೂ ಎಡಗೈ ಸಡಿಲ ಬಿಡಿ ಎಂದೆ. ಬಿಟ್ಟರು. ಕುತ್ತಿಗೆಯ ಕೆಳಗೆ ಕೈಹಾಕಿ ತಲೆ ಎತ್ತಿದೆ. ದಿನಬೆಳಗಾದರೆ ಯಾರ ಯಾರದೋ ಕುತ್ತಿಗೆ ಹಿಡಿಯುವ ಕೈ ನನ್ನದು. ಅವತ್ತು ಮಾತ್ರ ಆ ಕೈಗೆ ತಾನೇನು ಹಿಡಿದಿದ್ದೇನೆ ಎಂಬುದು ಬೇಕಾದ್ದಕ್ಕಿಂತ ಜಾಸ್ತಿಯೇ ಗೊತ್ತಾಗುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡಿದ್ದರು, ಆದರೆ ಕಿವಿ ಕೆಂಪಗಾಗಿತ್ತು. ಅಷ್ಟರಲ್ಲಿ ನಿಜವಾದ ಗಿರಾಕಿಯೊಬ್ಬರು ಒಳಗೆ ಬಂದು, ಬಗ್ಗಿ ನೋಡಿ, ಇದೇನು ರೇಟು ಎಂದು ಕೇಳಿದರು. ಇದು ಮಾರೋದಕ್ಕಲ್ಲ ಎಂದು ನಾನೇ ಹೇಳಿ ಕಳಿಸಿದೆ. ಟಬ್ಬಿನ ಬಗ್ಗೆಯೇ ಹೇಳಿದ್ದು.

ಅಲ್ಲಿಂದ ಪ್ರತಿ ಸಂಜೆ ನನ್ನ ಕೆಲಸ ಮುಗಿದ ಮೇಲೆ ಶೋರೂಮಿನ ಹಿಂದಿನ ಅಂಗಳದಲ್ಲಿ ನಮ್ಮ ಸಮಿತಿಯ ಬೈಠಕ್. ಸಾಮಾನು ಸಾಗಿಸುವ ಅವರ ವ್ಯಾನಿನೊಳಗೆ ಟ್ಯಾಂಕ್ ಕೂತಿತು, ಗೀಸರ್ ಕೂತಿತು, ಪಂಪ್ ಕೂತಿತು. ಎತ್ತುವ ಗೋಜೇ ಬೇಡ, ಟಬ್ಬನ್ನು ಮಂಚದ ಎತ್ತರಕ್ಕೇ ನಿಲ್ಲಿಸಿದರೆ ದುಪ್ಪಟಿ ಸಮೇತ ಮೆಲ್ಲಗೆ ಎಳೆದುಕೊಳ್ಳಬಹುದು ಎಂದು ನಾನು ಹೇಳಿದ್ದಕ್ಕೆ ಅವರು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದರು. ನೀರಿನ ಬಿಸಿಯನ್ನು ಅಂಗೈಯಲ್ಲಿ ನೋಡಬಾರದು, ಮೊಣಕೈಯಲ್ಲಿ ನೋಡಬೇಕು ಎಂದು ನಾನು ಕಲಿಸಿದೆ. ಇಬ್ಬರೂ ಒಂದೇ ಬಕೆಟ್ಟಿಗೆ ಮೊಣಕೈ ಅದ್ದಿಕೊಂಡು, ಸರಿಯಿದೆಯಾ, ಇನ್ನೂ ಸ್ವಲ್ಪ ಬೇಕಾ ಎಂದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಚರ್ಚೆ ಮಾಡುತ್ತಿದ್ದೆವು. ಕ್ಲಬ್ಬಿನವರು ನಮಗೆ ಬಿಸಿನೀರಿನ ಸಮಿತಿ ಎಂದು ಹೆಸರಿಟ್ಟರು. ಪೈಪ್ ಜೋಡಿಸೋಕೆ ಹೋಗುವವಳಿಗೆ ಹೊಸ ಬಟ್ಟೆ ಯಾಕೆ ಎಂದು ಅಮ್ಮ ಕೇಳಿದಳು. ಉತ್ತರ ಬೇಕಾಗಿ ಕೇಳಿದ್ದಲ್ಲ, ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.

ಒಂದು ಸಂಜೆ ಪಂಪ್ ಶುರು ಮಾಡಿದ್ದೇ ತಡ, ಪೈಪ್ ಕಿತ್ತುಕೊಂಡು ಹಾವಿನಂತೆ ಎದ್ದು ಇಬ್ಬರನ್ನೂ ತೋಯಿಸಿಬಿಟ್ಟಿತು. ಅವರು ಸೀನಿದರು, ಮತ್ತೆ ಸೀನಿದರು, ಆಮೇಲೆ ನಗತೊಡಗಿದರು. ಅಷ್ಟು ದಿನ ಆ ಬಾಯಿಯೊಳಗೆ ಅಂಥ ನಗು ಅಡಗಿ ಕೂತಿತ್ತು ಎಂದರೆ ನಂಬುವುದು ಕಷ್ಟ. ನನಗೆ ಅವರು ಇಷ್ಟವಾದರು. ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ತುಂಬಾ ಇಷ್ಟವಾದರು. ಹಾಗೆ ಇಷ್ಟವಾದ ಮೇಲೆ ಫ್ಯಾನಿನ ವಿಷಯ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚತೊಡಗಿತು. ಅವರು ಒಪ್ಪಿ ಬಂದವರಲ್ಲ, ನಾನು ಎಳೆದುಕೊಂಡು ಬಂದದ್ದು. ಹೇಳಿಬಿಡೋಣ ಎಂದರೆ, ವ್ಯಾನ್ ಹೋದರೆ ಟೀಚರ ಸ್ನಾನವೂ ಹೋಯಿತು. ಸ್ನಾನ ಒಂದು ಆಗಲಿ ಎಂದು ಬಾಯಿಗೆ ಬೀಗ ಹಾಕಿಕೊಂಡೆ.

ಭಾನುವಾರ ಬೆಳಿಗ್ಗೆ ಟೀಚರ ಮನೆಯ ಮುಂದೆ ವ್ಯಾನ್ ನಿಲ್ಲಿಸಿದೆವು. ಟೀಚರ ಮಗ ಬಾಗಿಲು ತೆರೆದು ದಾರಿ ಬಿಟ್ಟರು, ಸೊಸೆ ಟವೆಲ್‌ಗಳನ್ನು ಮಡಚಿ ಇಟ್ಟಿದ್ದರು. ಟಬ್ ಒಳಗೆ ಹೋಯಿತು, ಪೈಪ್ ಒಳಗೆ ಹೋಯಿತು. ಮಫ್ಲರ್ ಹೊರಗೆ ಬಂದರು. ಟೀಚರ್ ಕಣ್ಣರಳಿಸಿಕೊಂಡು ನೀರನ್ನೇ ನೋಡುತ್ತಿದ್ದರು. ನಾನು ಅವರ ರವಿಕೆಯ ಗುಂಡಿಗೆ ಕೈಹಾಕಿದ್ದೆನೋ ಇಲ್ಲವೋ, ಹೊರಗೆ ಕಾರುಗಳು ಬಂದು ನಿಂತ ಸದ್ದಾಯಿತು.

ಅಧ್ಯಕ್ಷರು. ಅವರ ಹಿಂದೆ ಅರ್ಧ ಕ್ಲಬ್ಬು. ಅವರ ಹಿಂದೆ ಫೋಟೋ ತೆಗೆಯುವವನು. ಮತ್ತು ಒಂದು ಬ್ಯಾನರ್, ಅದರ ಮೇಲೆ ದಪ್ಪಕ್ಷರದಲ್ಲಿ ಮನೆಬಾಗಿಲಿಗೆ ಸ್ನಾನ ಸೇವೆ, ಉದ್ಘಾಟನಾ ಸಮಾರಂಭ.

ನಾನು ಕೋಣೆಯ ಬಾಗಿಲನ್ನು ಅರ್ಧ ಮುಚ್ಚಿ ಹೊರಗೆ ತಲೆ ಹಾಕಿದೆ. ಅಧ್ಯಕ್ಷರು ಕೆಟ್ಟವರಲ್ಲ, ಅದೇ ಕಷ್ಟ. ಕೆಟ್ಟವರನ್ನು ಬೈಯಬಹುದು. ಮುಖ ಮಾತ್ರ ಸಾಕಮ್ಮಾ, ಕುತ್ತಿಗೆವರೆಗೆ ನೊರೆ ಇರುತ್ತಲ್ಲ, ಏನೂ ಕಾಣೋದಿಲ್ಲ, ಬ್ಯಾನರ್ ಹಿಂದೆ ಹಿಡಿದರೆ ಮುಗಿಯಿತು ಎಂದು ನನಗೇ ಸಮಾಧಾನ ಹೇಳಿದರು. ಟೀಚರ ಮಗ ಬಂದವರಿಗೆ ಇಲ್ಲ ಎನ್ನಲಾಗದ ಸಂಕೋಚದ ಮನುಷ್ಯ. ಬನ್ನಿ, ಬನ್ನಿ ಎಂದುಬಿಟ್ಟರು. ಫೋಟೋದವನು ಚಪ್ಪಲಿ ಕಳಚಿದ.

ಆಗ ಮಫ್ಲರ್ ಅಂಗಳದಿಂದ ಬಂದು, ನನ್ನನ್ನು ಮೆಲ್ಲಗೆ ಒಳಕ್ಕೆ ಸರಿಸಿ, ಬಾಗಿಲೆಳೆದುಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತರು. ಪೈಪ್ ಇದ್ದುದರಿಂದ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಅವರು ಮಫ್ಲರಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದದ್ದು ಆ ಸಂದಿಯಲ್ಲಿ ನನಗೆ ಕಾಣುತ್ತಿತ್ತು.

"ಬೇಡಿ," ಎಂದರು. "ಒಳಗೆ ಒಬ್ರು ಸ್ನಾನಕ್ಕೆ ಕೂತಿದಾರೆ. ನಿಮ್ಮನೆ ಅಮ್ಮ ಸ್ನಾನಕ್ಕೆ ಕೂತಾಗ ನಾನು ಹೀಗೆ ಬಂದ್ರೆ ಬಿಡ್ತೀರಾ?"

ಅಧ್ಯಕ್ಷರಿಗೆ ಮುಖಕ್ಕೆ ಹೊಡೆದಂತಾಯಿತು. ಕ್ಲಬ್ಬಿನ ಕೆಲಸಕ್ಕೆ ಕ್ಲಬ್ಬಿನ ಅಧ್ಯಕ್ಷನನ್ನೇ ತಡೆಯುತ್ತೀರಾ, ಇದು ಗುರುವಾರ ಸಭೆಗೆ ಬರಲಿ, ಮುಂದುವರಿಸಬೇಕೋ ಬೇಡವೋ ನೋಡೋಣ ಎಂದು ಹೇಳಿ ಬ್ಯಾನರ್ ಸುತ್ತಿಕೊಂಡು ಹೊರಟರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ನಾನು ಗೊಣಗಿಕೊಂಡೆ. ತಿರುಗಿ ನೋಡಿದರೆ ಟೀಚರ್ ಗೋಡೆ ಕಡೆ ಮುಖ ಮಾಡಿದ್ದರು.

"ಇವತ್ತು ಬೇಡ," ಎಂದರು. "ಎತ್ಕೊಂಡು ಹೋಗು ಅದನ್ನ. ನಾನು ಪ್ರದರ್ಶನದ ವಸ್ತು ಅಲ್ಲ."

ಕಾಲು ಹಿಡಿದುಕೊಳ್ಳುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ತಿರುಗಲಿಲ್ಲ. ಟಬ್ಬಿನ ನೀರು ಹಾಗೇ ಆರಿತು. ಅದನ್ನು ಪೈಪಿನಲ್ಲಿ ಅಂಗಳಕ್ಕೆ ಬಿಟ್ಟೆವು. ಅಷ್ಟೊಂದು ಒಳ್ಳೆಯ ನೀರು ಹರಿದು ಚರಂಡಿ ಸೇರುವುದನ್ನು ಇಬ್ಬರೂ ನೋಡುತ್ತಾ ನಿಂತೆವು. ನನಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟು ಬಂತು.

ವಾಪಸ್ ಬರುವಾಗ ಅವರು ರಸ್ತೆ ಬದಿಗೆ ವ್ಯಾನ್ ನಿಲ್ಲಿಸಿದರು. ಸ್ಟಿಯರಿಂಗನ್ನೇ ನೋಡುತ್ತಾ ಕೂತರು.

"ಇವತ್ತು ಇದನ್ನೂ ಹೇಳ್ಬಿಡ್ತೀನಿ. ಅವತ್ತು ಸಭೇಲಿ ನಾನು ಕೈ ಎತ್ತಿದ್ದು..."

"ಫ್ಯಾನಿಗೆ," ಎಂದೆ.

ತಿರುಗಿ ನೋಡಿದರು. "ಗೊತ್ತಿತ್ತಾ?"

"ಆವಾಗ್ಲೇ ಗೊತ್ತಿತ್ತು. ಗೊತ್ತಿದ್ದೇ ಹಿಡ್ಕೊಂಡೆ."

ಅವರು ಇಂಜಿನ್ ಆಫ್ ಮಾಡಿದರು. ರಸ್ತೆಯಲ್ಲಿ ಸೈಕಲ್ಲುಗಳು ಹೋದವು. ನಂತರ ಅವರು ನಿಧಾನಕ್ಕೆ ಹೇಳಿದರು. ಅವತ್ತು ನಾನು ಅಷ್ಟು ಸಂತೋಷದಿಂದ ನಕ್ಕಿದ್ದನ್ನು ನೋಡಿ ನಿಜ ಹೇಳಲು ಅವರಿಗೆ ಬಾಯಿ ಬಂದಿರಲಿಲ್ಲ. ನಾನು ಅವರನ್ನು ದೊಡ್ಡ ಮನುಷ್ಯ ಎಂದುಕೊಂಡಿದ್ದೇನೆ ಎಂದು ನಂಬಿ, ಇಷ್ಟು ದಿನ ಆ ದೊಡ್ಡ ಮನುಷ್ಯನಾಗಲು ಒದ್ದಾಡುತ್ತಿದ್ದರಂತೆ. ನನಗೆ ನಾಚಿಕೆಯಾಯಿತು. ಆದರೆ ನನ್ನ ನಾಚಿಕೆ ಯಾವಾಗಲೂ ಜಂಬದ ವೇಷ ಹಾಕಿಕೊಂಡೇ ಬರುವುದು.

"ಹಾಗಾದ್ರೆ ನಿಮಗೆ ಬಿಡುಗಡೆ ಆಯ್ತು," ಎಂದೆ. "ವ್ಯಾನ್ ವಾಪಸ್ ತಗೊಳ್ಳಿ. ಟೀಚರಿಗೆ ಸ್ನಾನ ಮಾಡ್ಸೋದು ನನ್ನ ಮಾತು, ನಿಮ್ಮದಲ್ಲ. ತಲೆ ಮೇಲೆ ಹೊತ್ತಾದ್ರೂ ನೀರು ತರ್ತೀನಿ."

ಅವರು ವ್ಯಾನ್ ಶುರು ಮಾಡಿ, ನನ್ನನ್ನು ಮನೆಗೆ ಬಿಟ್ಟು ಹೋದರು.

ಸೋಮವಾರ ಫೋನಿಲ್ಲ, ಮಂಗಳವಾರವೂ ಇಲ್ಲ. ಶೋರೂಮಿನ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಕೆಲಸಕ್ಕೆ ಹೋದೆ. ಹೋಗುವಾಗ ಮಾತ್ರ ಶೋರೂಮಿನ ಕಡೆಯ ತಿರುವಿನಲ್ಲಿ ಕತ್ತು ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು. ಫಿಸಿಯೋಥೆರಪಿಯಲ್ಲಿ ಅದಕ್ಕೆ ಚಿಕಿತ್ಸೆಯಿಲ್ಲ. ಪರಿಚಯದವರ ಹತ್ತಿರ ಗಾಳಿ ತುಂಬುವ ಟಬ್ ಇದೆಯೆಂದು ತಿಳಿದು ಹೇಳಿಟ್ಟೆ, ನೀರು ಕಾಯಿಸಲು ದೊಡ್ಡ ಪಾತ್ರೆ ನೋಡಿಟ್ಟೆ. ಯಾರು ಬರಲಿ ಬಿಡಲಿ, ಹಿಡಿದ ಕೆಲಸ ಬಿಡುವ ಜಾಯಮಾನ ನನ್ನದಲ್ಲ. ಅವರು ಬರಲಿ ಎಂದು ಮಾತ್ರ ಪ್ರತಿ ಗಳಿಗೆಯೂ ಅನ್ನಿಸುತ್ತಿತ್ತು. ಕಟ್ಟಿಹಾಕಿದ್ದು ಬಿಚ್ಚಿದ್ದೇನೆ, ಈಗ ಬಂದರೆ ತಾವಾಗಿ ಬಂದ ಹಾಗೆ.

ಗುರುವಾರ ಸಭೆಗೆ ಹೋದಾಗ ಕೊನೆಯ ಸೋಫಾ ಖಾಲಿಯಿತ್ತು. ಬಾಗಿಲಲ್ಲೇ ನಿಂತು ಒಂದೊಂದೇ ಸೋಫಾ ಹುಡುಕಿದೆ. ಆಮೇಲೆ ನೋಡಿದರೆ ಅವರು ಮೊದಲ ಸಾಲಿನಲ್ಲಿ, ಅಧ್ಯಕ್ಷರ ಮೂಗಿನ ಕೆಳಗೇ ಕೂತಿದ್ದರು.

ಅಧ್ಯಕ್ಷರು ಗಂಟೆ ಬಾರಿಸಿ ನೇರ ವಿಷಯಕ್ಕೆ ಬಂದರು. ಫೋಟೋ ಇಲ್ಲ ಎಂದರೆ ಮೇಲಿನವರಿಗೆ ವರದಿಯಿಲ್ಲ, ವರದಿಯಿಲ್ಲ ಎಂದರೆ ಯೋಜನೆಯೇ ಇಲ್ಲ, ಆದ್ದರಿಂದ ಇದನ್ನು ಕೈಬಿಡೋಣ ಎಂದರು. ನಾನು ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡು ಏಳುವಷ್ಟರಲ್ಲಿ ಮಫ್ಲರ್ ಎದ್ದರು. ಎದ್ದವರು ಹಿಡಿದುಕೊಳ್ಳಲು ಮುಂದಿದ್ದ ಮೇಜಿನ ಅಂಚು ಹುಡುಕಿದರು. ಹಾಲಿನಲ್ಲಿದ್ದವರೆಲ್ಲ ಎಚ್ಚೆತ್ತು ಕೂತರು. ಅವರ ದನಿ ಹೇಗಿದೆ ಎಂದು ಕೇಳುವ ಕುತೂಹಲವೇ ಬಹಳ ಜನಕ್ಕೆ.

ಫೋಟೋ ಬೇಕೇಬೇಕು ಎಂದಾದರೆ ತಮ್ಮದೇನೂ ಅಭ್ಯಂತರವಿಲ್ಲ ಎಂದರು. ಟಬ್ ಕೆಳಗೆ ವ್ಯಾನಿನಲ್ಲಿದೆ, ನೀರು ಬಿಸಿಯಾಗಿದೆ. ಅಧ್ಯಕ್ಷರು ಮೊದಲು ಅದರಲ್ಲಿ ಕೂತು ಉದ್ಘಾಟನೆ ಮಾಡಲಿ, ಕಾರ್ಯದರ್ಶಿಗಳು ಬೆನ್ನು ತಿಕ್ಕಲಿ, ಉಳಿದವರು ಬ್ಯಾನರ್ ಹಿಡಿಯಲಿ.

"ಕುತ್ತಿಗೆವರೆಗೆ ನೊರೆ ಇರುತ್ತೆ," ಎಂದರು. "ಏನೂ ಕಾಣೋದಿಲ್ಲ."

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ, ಆಮೇಲೆ ಸೋಫಾಗಳೆಲ್ಲ ಕುಲುಕಾಡಿದವು. ಅಧ್ಯಕ್ಷರೊಬ್ಬರೇ ನಗದೆ ಕೂತಿದ್ದರು. ಮಫ್ಲರ್ ನಗು ನಿಲ್ಲುವವರೆಗೆ ಕಾದರು. ಆಮೇಲೆ ನನ್ನ ಕಡೆ ನೋಡಲೇ ಇಲ್ಲ, ಕಿವಿ ಮಾತ್ರ ಕೆಂಪಾಗಿತ್ತು.

"ಈ ಯೋಜನೆ ಅನುಮೋದಿಸಿದವನು ನಾನು. ಮೊದಲ ದಿನ ಹೇಗೆ ಆಯ್ತೋ ಆಯ್ತು. ಇವತ್ತು ತಿಳಿದೇ ಹೇಳ್ತಿದೀನಿ. ಕ್ಲಬ್ಬು ಬಿಟ್ರೂ ನಾನು ಬಿಡೋದಿಲ್ಲ."

ಯೋಜನೆ ಮುಂದುವರಿಯಲಿ ಎಂದು ಎಲ್ಲ ಸೋಫಾಗಳಿಂದಲೂ ಕೈಗಳು ಎದ್ದವು, ಎಣಿಸುವ ಅಗತ್ಯವೇ ಬೀಳಲಿಲ್ಲ. ಅಧ್ಯಕ್ಷರು ಬಹಳ ಹೊತ್ತು ಗಂಟೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಕೊನೆಗೆ, ಇಷ್ಟೊಂದು ದುಡ್ಡು ಕೊಟ್ಟು ಮಾಡಿಸಿದ ಬ್ಯಾನರನ್ನು ಏನು ಮಾಡೋದು ಎಂದು ಅಳುಮುಖದಲ್ಲಿ ಕೇಳಿದರು. ಸ್ನಾನದ ಕೋಣೆಯ ಕಿಟಕಿಗೆ ಪರದೆ ಆಗುತ್ತದೆ ಎಂದರು ಮಫ್ಲರ್. ಈ ಸಲ ಅಧ್ಯಕ್ಷರಿಗೂ ನಗು ತಡೆಯಲಾಗಲಿಲ್ಲ.

ಮೆಟ್ಟಿಲಿಳಿಯುವಾಗ ಅವರ ಪಕ್ಕದಲ್ಲೇ ಇದ್ದೆ. ಹೇಳಬೇಕಾದ ಮಾತು ರಾಶಿಯಿತ್ತು. ಬಾಯಿಗೆ ಬಂದದ್ದು, ಗೀಸರ್ ಆಫ್ ಮಾಡಿದ್ದೀರಾ ಎಂದು. ನೀರೇ ಕಾಯಿಸಿಲ್ಲ, ಅಧ್ಯಕ್ಷರು ಎಲ್ಲಾದರೂ ಒಪ್ಪಿಬಿಟ್ಟರೆ ಏನು ಗತಿ ಎಂದು ಎದೆ ಹೊಡೆದುಕೊಳ್ಳುತ್ತಿತ್ತು ಎಂದರು.

ಇನ್ನು ಉಳಿದದ್ದು ಟೀಚರ್. ಕ್ಲಬ್ಬನ್ನು ಒಪ್ಪಿಸಬಹುದು, ಗೋಡೆ ಕಡೆ ತಿರುಗಿದ ಟೀಚರನ್ನು ಒಪ್ಪಿಸುವುದು ಕಷ್ಟ. ಮರುದಿನ ಹೋಗಿ ಎಂದಿನಂತೆ ಅವರ ಕಾಲು ಮಡಚಿ ಬಿಡಿಸತೊಡಗಿದೆ. ತಪ್ಪಾಯಿತು ಟೀಚರ್, ಅವರೆಲ್ಲ ಬರುತ್ತಾರೆಂದು ನನಗೂ ಗೊತ್ತಿರಲಿಲ್ಲ ಎಂದೆ. ಇನ್ನೊಂದು ಕಾಲಿಗೆ ಬಂದಾಗ ಅವರೇ ಬಾಯಿಬಿಟ್ಟರು.

"ಬಾಗಿಲಲ್ಲಿ ಅಡ್ಡ ನಿಂತವನು ಯಾರು?"

ಶೋರೂಮಿನವರು ಎಂದೆ. ಒಳ್ಳೆಯವರು ಎಂದೆ. ಮಾತು ಕಡಿಮೆ, ಶೀತ ಜಾಸ್ತಿ ಎಂದೆ. ಟೀಚರ್ ನನ್ನ ಮುಖವನ್ನೇ ನೋಡುತ್ತಿದ್ದರು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ದೂರದಿಂದಲೇ ಹಿಡಿಯುತ್ತಿದ್ದ ಕಣ್ಣು ಅದು.

"ಅವನು ಹೊರಗೆ ಕಾವಲಿಗೆ ನಿಲ್ಲೋದಾದ್ರೆ ಒಳಗೆ ನಾನು ನೀರಿಗಿಳೀತೀನಿ," ಎಂದರು. "ಇಲ್ದಿದ್ರೆ ಇಲ್ಲ."

ಹಾಗೆ ಆ ಭಾನುವಾರ ಮತ್ತೆ ವ್ಯಾನ್ ಬಂತು. ಬ್ಯಾನರ್ ಕಿಟಕಿಗೆ ಪರದೆಯಾಯಿತು, ಬೀದಿಯವರಿಗೆ ಕಾಣದಂತೆ ಅಕ್ಷರಗಳು ಒಳಗಡೆಗೆ. ಮಫ್ಲರ್ ಪೈಪನ್ನು ಬಾಗಿಲ ಸಂದಿಯಲ್ಲಿ ಒಳಗೆ ಬಿಟ್ಟು, ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಒಳಗೆ ನಾನು ಮತ್ತು ಸೊಸೆ ದುಪ್ಪಟಿಯ ಎರಡು ಕಡೆ ಹಿಡಿದು ಟೀಚರನ್ನು ಮೆಲ್ಲಗೆ ಸರಿಸಿಕೊಂಡೆವು. ನೀರು ಮೈಗೆ ತಾಗಿದ್ದೇ ಅವರು ನನ್ನ ಮಣಿಕಟ್ಟನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಹೆದರಿಕೆಯಾ ಎಂದು ಕೇಳಿದೆ. ಇಲ್ಲವೆಂದು ತಲೆಯಲ್ಲಾಡಿಸಿದರು.

ತಂಬಿಗೆಯಲ್ಲಿ ನೀರು ತೆಗೆದು ತಲೆ ಮೇಲಿಂದ ನಿಧಾನಕ್ಕೆ ಬಿಟ್ಟೆ. ಬಿಳಿ ಕೂದಲೆಲ್ಲ ನೆತ್ತಿಗೆ ಅಂಟಿತು, ನೀರು ಕಿವಿಯ ಹಿಂದಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ಟೀಚರ್ ಹಾ ಎಂದರು. ಅದು ಮಾತಲ್ಲ, ಒಳಗೆಲ್ಲೋ ಕಟ್ಟಿಕೊಂಡಿದ್ದದ್ದು ಬಿಚ್ಚಿದ ಸದ್ದು. ಸೊಸೆ ಕಣ್ಣೊರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ, ಎರಡೂ ಕೈಯಲ್ಲಿ ಸೋಪಿತ್ತು.

"ಬಿಸಿ ಸಾಕಾ?" ಎಂದು ಹೊರಗಿನಿಂದ ಮಫ್ಲರ್ ಕೇಳಿದರು.

"ಇನ್ನೊಂಚೂರು," ಎಂದೆ.

ಪಂಪಿನ ಸದ್ದು ಜಾಸ್ತಿಯಾಯಿತು. ಸ್ವಲ್ಪ ಹೊತ್ತಿನ ನಂತರ ಅವರ ದನಿ ಮತ್ತೆ ಬಂತು, ಈ ಸಲ ಬಾಗಿಲ ಸಂದಿಗೆ ಇನ್ನಷ್ಟು ಹತ್ತಿರದಿಂದ.

"ಒಂದು ಮಾತು ಹೇಳ್ಲಾ? ನಿಮ್ಮ ಮುಖ ಕಾಣ್ತಿಲ್ಲ, ಅದಕ್ಕೇ ಧೈರ್ಯ ಬಂದಿದೆ."

ಸೊಸೆ ನನ್ನ ಮುಖ ನೋಡಿದರು. ನಾನು ಟೀಚರ ಬೆನ್ನು ನೋಡಿದೆ.

"ಹೇಳಿ," ಎಂದೆ.

"ಈ ಸಮಿತಿ ಇಷ್ಟಕ್ಕೇ ಮುಗೀಬಾರ್ದು ಅಂತ ನನಗೆ. ಇನ್ನೆಷ್ಟು ಮನೆ ಇದೆಯೋ ಅಷ್ಟಕ್ಕೂ ಹೋಗೋಣ. ಹೋಗಿ ಬಂದ ಮೇಲೆ ನೀವು ನಿಮ್ಮ ಮನೆಗೆ, ನಾನು ನನ್ನ ಮನೆಗೆ ಅಂತ ಹೋಗೋದಿದೆಯಲ್ಲ, ಅದು ನನಗೆ ಆಗ್ತಿಲ್ಲ. ಒಂದೇ ಮನೆಗೆ ಹೋಗೋಣ ಅನ್ನಿಸ್ತಿದೆ. ನಿಮಗೆ ಹೇಗೆ ಅಂತ ಗೊತ್ತಿಲ್ಲ."

ಇಡೀ ಕ್ಲಬ್ಬಿನ ಮುಂದೆ ವಾರ ವಾರ ಎದ್ದು ವಾದ ಮಾಡಿದ ನಾಲಿಗೆ ನನ್ನದು. ಆ ಗಳಿಗೆಯಲ್ಲಿ ಅದು ಒಣಗಿ ಅಂಗುಳಿಗೆ ಅಂಟಿಕೊಂಡಿತ್ತು. ತಂಬಿಗೆ ಕೈಯಲ್ಲೇ ನಿಂತಿತ್ತು. ಹೊರಗೆ ಅವರು ಕಾಯುತ್ತಿದ್ದಾರೆಂದು ಬಾಗಿಲ ಈಚೆಯಿಂದಲೂ ತಿಳಿಯುತ್ತಿತ್ತು.

"ಏ ಮೊಂಡಿ," ಎಂದರು ಟೀಚರ್, ಕಣ್ಣು ತೆರೆಯದೆ. "ಬೇಗ ಉತ್ತರ ಹೇಳೇ. ನನ್ನ ನೀರು ಆರ್ತಾ ಇದೆ."

"ನನಗೂ ಹಾಗೇ," ಎಂದು ಕೂಗಿದೆ. ಪಂಪಿನ ಸದ್ದಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗಿದೆ. "ನನಗೂ ನೀವು ಬೇಕು. ಒಂದೇ ಮನೆಗೆ ಹೋಗೋಣ."

ಹೊರಗೆ ಬಾಗಿಲಿಗೆ ಒರಗಿದ್ದ ಬೆನ್ನು ಜಾರಿ, ಅವರು ಅಲ್ಲೇ ನೆಲದ ಮೇಲೆ ಕೂತದ್ದು ಕೇಳಿಸಿತು. ಮೆಲ್ಲಗೆ ನಗುತ್ತಿದ್ದರು. ಟೀಚರ್ ಬಲಗೈ ಎತ್ತಿ ನನ್ನ ಕೈಯಲ್ಲಿದ್ದ ತಂಬಿಗೆಯನ್ನು ತಟ್ಟಿದರು. ನಾನು ಅದರ ತುಂಬ ಬಿಸಿನೀರು ತೆಗೆದುಕೊಂಡು ಅವರ ತಲೆ ಮೇಲೆ ಸುರಿದೆ.